ಶಕ್ತಿ ಆಧಾರಿತ ಚರ್ಮ ಚಿಕಿತ್ಸೆಗಳು ಹಾಗೂ ಜೀವಕೋಶಗಳ ವಯೋವೃದ್ಧಿ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಲೇಸರ್, ತೀವ್ರ ಬೆಳಕು, ರೇಡಿಯೊ ತರಂಗ, ಶ್ರವಣಾತೀತ ಧ್ವನಿ ಮುಂತಾದ ಶಕ್ತಿಮೂಲಗಳನ್ನು ಬಳಸಿ ಚರ್ಮದ ಸುಕ್ಕು, ಕಲೆ ಹಾಗೂ ಸಡಿಲಿಕೆಗೆ ನೀಡಲಾಗುವ ಚಿಕಿತ್ಸೆಗಳನ್ನು ಒಟ್ಟಾಗಿ ಶಕ್ತಿ ಆಧಾರಿತ ಚರ್ಮ ಚಿಕಿತ್ಸೆಗಳೆಂದು ಕರೆಯಲಾಗುತ್ತದೆ. ಈ ಚಿಕಿತ್ಸೆಗಳು ಜೀವಕೋಶದ ವಯಸ್ಸನ್ನೇ ಹಿಂದಕ್ಕೆ ತರುತ್ತವೆ ಎಂಬ ಅರ್ಥದ ಜಾಹೀರಾತುಗಳು ಪ್ರಕಟವಾಗುತ್ತಿವೆ. ಸಾರ್ವಜನಿಕರು ತಮ್ಮ ಉಳಿತಾಯದ ಹಣವನ್ನು ತೊಡಗಿಸುವ ಮೊದಲು ಈ ಚಿಕಿತ್ಸೆಗಳು ಚರ್ಮದೊಳಗೆ ಮಾಡುವ ಕಾರ್ಯ, ವಿಜ್ಞಾನದಿಂದ ದೃಢಪಟ್ಟಿರುವ ಪ್ರಯೋಜನ, ಇರುವ ಅಪಾಯ ಹಾಗೂ ಕಾನೂನಿನಡಿ ದೊರೆಯುವ ರಕ್ಷಣೆಗಳನ್ನು ಅರಿತುಕೊಳ್ಳಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ತಪಾಸಣೆಗೆ ಪರ್ಯಾಯವಾಗುವುದಿಲ್ಲ.

2. ಮುಖ್ಯಾಂಶಗಳು

• ಈ ಚಿಕಿತ್ಸೆಗಳಲ್ಲಿ ಬಹುಪಾಲು ಚರ್ಮದಲ್ಲಿ ನಿಯಂತ್ರಿತವಾದ ಸಣ್ಣ ಗಾಯವನ್ನು ಉಂಟುಮಾಡುತ್ತವೆ. ಗಾಯ ಮಾಯುವ ಕ್ರಮದಲ್ಲಿ ಹೊಸ ಕೊಲಾಜೆನ್ ನಿರ್ಮಾಣವಾಗುತ್ತದೆ. ಕಾಣುವ ಸುಧಾರಣೆಗೆ ಇದೇ ಮುಖ್ಯ ಕಾರಣ.
• ಚಿಕಿತ್ಸೆಯ ನಂತರ ಜೀವಕೋಶಗಳ ಕೆಲವು ಗುಣಲಕ್ಷಣಗಳು ಎಳೆಯ ಚರ್ಮದ ಗುಣಗಳಿಗೆ ಸಮೀಪವಾಗುವುದು ಸಣ್ಣ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಜೀವಕೋಶದ ಒಟ್ಟು ವಯಸ್ಸು ಹಿಂದಕ್ಕೆ ಹೋಗುತ್ತದೆ ಎಂಬುದು ರುಜುವಾತಾಗಿಲ್ಲ.
• ಭಾರತೀಯರ ಚರ್ಮದಲ್ಲಿ ಮೆಲನಿನ್ ಅಂಶ ಹೆಚ್ಚಿರುವುದರಿಂದ ಸುಟ್ಟಗಾಯ ಹಾಗೂ ಕಪ್ಪು ಕಲೆ ಉಂಟಾಗುವ ಸಾಧ್ಯತೆ ಬಿಳಿ ಚರ್ಮದವರಿಗಿಂತ ಅಧಿಕ.
• ಬದಲಾಗುತ್ತಿರುವ ಮಚ್ಚೆ ಅಥವಾ ಮಾಯದ ಹುಣ್ಣಿನ ಮೇಲೆ ವೈದ್ಯರ ತಪಾಸಣೆಯಿಲ್ಲದೆ ಲೇಸರ್ ಮಾಡಿಸತಕ್ಕದ್ದಲ್ಲ.
• ಚಿಕಿತ್ಸೆ ನೀಡುವ ವೈದ್ಯರ ಹಾಗೂ ಸಂಸ್ಥೆಯ ನೋಂದಣಿಯನ್ನು ಮುಂಚಿತವಾಗಿ ಪರಿಶೀಲಿಸುವುದು ನಾಗರಿಕರ ಹಕ್ಕು.

3. ಚರ್ಮಕ್ಕೆ ವಯಸ್ಸಾಗುವ ಬಗೆ

ಚರ್ಮವು ಮುಖ್ಯವಾಗಿ ಎರಡು ಪದರಗಳಿಂದ ಕೂಡಿದೆ. ಮೇಲಿನದು ಹೊರಚರ್ಮ. ಇದರ ಕೋಶಗಳು ತಳದಲ್ಲಿ ಹುಟ್ಟಿ, ಮೇಲಕ್ಕೆ ಸಾಗಿ, ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಇದರ ಕೆಳಗಿರುವುದು ಒಳಚರ್ಮ. ಇಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್ ಹಾಗೂ ಎಲಾಸ್ಟಿನ್ ಎಂಬ ನಾರುಗಳನ್ನು ತಯಾರಿಸುತ್ತವೆ. ಚರ್ಮದ ಬಿಗಿತಕ್ಕೆ ಕೊಲಾಜೆನ್ ಹಾಗೂ ಎಳೆದು ಬಿಟ್ಟಾಗ ಮರಳುವ ಗುಣಕ್ಕೆ ಎಲಾಸ್ಟಿನ್ ಕಾರಣ. ಪ್ರಾಯದ ನಂತರ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಕ್ಷೀಣಿಸುತ್ತದೆ ಎಂದು ಅಂದಾಜಿಸಲಾಗಿದೆ.

ಚರ್ಮದ ವಯೋವೃದ್ಧಿಯಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕಾಲಕ್ರಮದಲ್ಲಿ ಎಲ್ಲರಿಗೂ ಬರುವ ಸಹಜ ಮುಪ್ಪು. ಎರಡನೆಯದು ಬಿಸಿಲಿನಿಂದ, ಅಂದರೆ ಸೂರ್ಯನ ಅತಿನೇರಳೆ ಕಿರಣಗಳಿಂದ, ಉಂಟಾಗುವ ಮುಪ್ಪು. ತೋಳಿನ ಒಳಭಾಗದ ಚರ್ಮವನ್ನೂ ಮುಂಗೈಯ ಹೊರಭಾಗದ ಚರ್ಮವನ್ನೂ ಹೋಲಿಸಿ ನೋಡಿದರೆ ಈ ವ್ಯತ್ಯಾಸವನ್ನು ಯಾರು ಬೇಕಾದರೂ ಕಾಣಬಹುದು. ಎರಡಕ್ಕೂ ವಯಸ್ಸು ಒಂದೇ ಆದರೂ ಬಿಸಿಲು ಕಂಡ ಭಾಗವು ಒರಟಾಗಿ, ಬಣ್ಣಗೆಟ್ಟು, ಸುಕ್ಕುಗಟ್ಟಿರುತ್ತದೆ. ಅತಿನೇರಳೆ ಕಿರಣಗಳು ಕೊಲಾಜೆನ್ನನ್ನು ಕತ್ತರಿಸುವ ಕಿಣ್ವಗಳನ್ನು ಚರ್ಮದಲ್ಲಿ ಹೆಚ್ಚಿಸುತ್ತವೆ ಎಂಬುದನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ತೋರಿಸಿದರು.

ಕೊಲಾಜೆನ್ ತುಂಡಾಗುವುದರಿಂದ ಇನ್ನೊಂದು ಪರಿಣಾಮವೂ ಉಂಟಾಗುತ್ತದೆ. ಫೈಬ್ರೊಬ್ಲಾಸ್ಟ್ ತನ್ನ ಸುತ್ತಲಿನ ನಾರುಗಳನ್ನು ಹಿಡಿದು ಎಳೆದುಕೊಂಡಿರುವಾಗ ಮಾತ್ರ ಚುರುಕಾಗಿ ಕೆಲಸ ಮಾಡುತ್ತದೆ. ನಾರು ತುಂಡಾದರೆ ಹಿಡಿತ ತಪ್ಪಿ ಕೋಶವು ಕುಗ್ಗುತ್ತದೆ. ಕುಗ್ಗಿದ ಕೋಶವು ಹೊಸ ಕೊಲಾಜೆನ್ನನ್ನು ಕಡಿಮೆ ತಯಾರಿಸಿ, ಕತ್ತರಿಸುವ ಕಿಣ್ವವನ್ನು ಹೆಚ್ಚು ಸ್ರವಿಸುತ್ತದೆ. ಹೀಗೆ ಹಾನಿಯು ಮತ್ತಷ್ಟು ಹಾನಿಗೆ ದಾರಿಯಾಗುತ್ತದೆ.

4. "ಜೀವಕೋಶದ ವಯಸ್ಸು" ಎಂದರೇನು

ಮಾನವನ ಸಾಮಾನ್ಯ ಜೀವಕೋಶಗಳು ಪ್ರಯೋಗಾಲಯದಲ್ಲಿ ಒಂದು ಮಿತಿಯವರೆಗೆ ಮಾತ್ರ ವಿಭಜನೆಗೊಳ್ಳುತ್ತವೆ ಎಂಬುದನ್ನು ಲಿಯೊನಾರ್ಡ್ ಹೇಫ್ಲಿಕ್ ಹಾಗೂ ಪಾಲ್ ಮೂರ್‌ಹೆಡ್ 1961ರಲ್ಲಿ ಪ್ರಕಟಿಸಿದರು. ಪ್ರತಿ ವಿಭಜನೆಯಲ್ಲಿಯೂ ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗವು ಸ್ವಲ್ಪ ಸ್ವಲ್ಪವೇ ಕಿರಿದಾಗುವುದು ಇದಕ್ಕೆ ಒಂದು ಕಾರಣ. ಟೆಲೊಮಿಯರ್ ಕುರಿತ ಸಂಶೋಧನೆಗೆ 2009ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಮಿತಿ ಮುಟ್ಟಿದ ಅಥವಾ ತೀವ್ರ ಹಾನಿಗೊಳಗಾದ ಕೆಲವು ಜೀವಕೋಶಗಳು ಸಾಯದೆ, ವಿಭಜನೆಯೂ ಆಗದೆ, ಹಾಗೆಯೇ ಉಳಿದುಬಿಡುತ್ತವೆ. ಇವುಗಳನ್ನು ಮುಪ್ಪಾದ ಜೀವಕೋಶಗಳೆನ್ನುತ್ತಾರೆ. ಇವು ಉರಿಯೂತವನ್ನು ಉಂಟುಮಾಡುವ ರಾಸಾಯನಿಕಗಳನ್ನೂ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನೂ ಹೊರಬಿಟ್ಟು ನೆರೆಯ ಆರೋಗ್ಯವಂತ ಕೋಶಗಳನ್ನು ಕೆಡಿಸುತ್ತವೆ.

ವಯೋವೃದ್ಧಿಗೆ ಸಂಬಂಧಿಸಿದ ಜೈವಿಕ ಲಕ್ಷಣಗಳನ್ನು 2013ರಲ್ಲಿ ವಿಜ್ಞಾನಿಗಳು ಒಂಬತ್ತು ಎಂದು ಪಟ್ಟಿಮಾಡಿದ್ದರು. 2023ರಲ್ಲಿ ಅದನ್ನು ಹನ್ನೆರಡಕ್ಕೆ ವಿಸ್ತರಿಸಲಾಯಿತು. ಡಿಎನ್‌ಎ ಹಾನಿ, ಟೆಲೊಮಿಯರ್ ಸವೆತ, ಕೋಶಗಳ ಮುಪ್ಪು, ಮೈಟೊಕಾಂಡ್ರಿಯಾಗಳ ದೌರ್ಬಲ್ಯ, ಕಾಂಡಕೋಶಗಳ ಬತ್ತುವಿಕೆ ಮುಂತಾದವು ಇದರಲ್ಲಿ ಸೇರಿವೆ. ಆದ್ದರಿಂದ ಜೀವಕೋಶದ ವಯಸ್ಸು ಎಂಬುದು ಒಂದೇ ಅಳತೆಯಿಂದ ಹೇಳಬಹುದಾದ ಸಂಗತಿಯಲ್ಲ. ಒಂದು ಲಕ್ಷಣ ಸುಧಾರಿಸಿದ ಮಾತ್ರಕ್ಕೆ ಉಳಿದವೂ ಸುಧಾರಿಸಿದವೆಂದು ಭಾವಿಸಲಾಗದು. ಜಾಹೀರಾತುಗಳನ್ನು ಓದುವಾಗ ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿಡತಕ್ಕದ್ದು.

5. ಚಿಕಿತ್ಸೆಗಳ ವಿಧಗಳು

ಅ) ಚರ್ಮವನ್ನು ಆವಿಯಾಗಿಸುವ ಲೇಸರ್: ಕಾರ್ಬನ್ ಡೈಆಕ್ಸೈಡ್ ಲೇಸರ್ (10,600 ನ್ಯಾನೊಮೀಟರ್) ಹಾಗೂ ಎರ್ಬಿಯಂ ಯಾಗ್ ಲೇಸರ್ (2,940 ನ್ಯಾನೊಮೀಟರ್) ಈ ವರ್ಗದವು. ಕೋಶಗಳಲ್ಲಿನ ನೀರು ಈ ಕಿರಣಗಳನ್ನು ಹೀರಿಕೊಂಡು ಆವಿಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ವಿಜ್ಞಾನಿ ಸಿ. ಕುಮಾರ್ ಪಟೇಲ್ ಅವರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು.

ಆ) ಆವಿಯಾಗಿಸದ ಲೇಸರ್: ಹೊರಚರ್ಮವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿ ಒಳಚರ್ಮವನ್ನು ಕಾಯಿಸುವ ಲೇಸರ್‌ಗಳು ಇವು. 1,550 ನ್ಯಾನೊಮೀಟರ್ ಲೇಸರ್ ಹಾಗೂ 1,064 ನ್ಯಾನೊಮೀಟರ್‌ನ ಎನ್‌ಡಿ ಯಾಗ್ ಲೇಸರ್ ಉದಾಹರಣೆಗಳು.

ಇ) ಫ್ರ್ಯಾಕ್ಷನಲ್ ಲೇಸರ್: ಇಡೀ ಮೇಲ್ಮೈಯನ್ನು ಕಾಯಿಸದೆ ಸೂಜಿಮೊನೆಗಿಂತ ಸಣ್ಣ ಚುಕ್ಕೆಗಳಲ್ಲಿ ಮಾತ್ರ ಕಿರಣ ಹಾಯಿಸುವ ವಿಧಾನ. ಚುಕ್ಕೆಗಳ ನಡುವೆ ಉಳಿದ ಆರೋಗ್ಯವಂತ ಚರ್ಮದಿಂದ ಗಾಯವು ಬೇಗ ಮಾಯುತ್ತದೆ. ಡೀಟರ್ ಮಾನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಈ ಪರಿಕಲ್ಪನೆಯನ್ನು ಪ್ರಕಟಿಸಿದರು. ಆವಿಯಾಗಿಸುವ ಹಾಗೂ ಆವಿಯಾಗಿಸದ ಎರಡೂ ಬಗೆಯ ಲೇಸರ್‌ಗಳಲ್ಲಿ ಇದನ್ನು ಬಳಸಲಾಗುತ್ತದೆ.

ಈ) ತೀವ್ರ ಸ್ಪಂದಿತ ಬೆಳಕು (ಐಪಿಎಲ್): ಇದು ಲೇಸರ್ ಅಲ್ಲ. ಸುಮಾರು 500ರಿಂದ 1,200 ನ್ಯಾನೊಮೀಟರ್‌ವರೆಗಿನ ಹಲವು ತರಂಗಾಂತರಗಳ ಬೆಳಕನ್ನು ಶೋಧಕಗಳ ಮೂಲಕ ಹಾಯಿಸಲಾಗುತ್ತದೆ. ಕಂದು ಕಲೆ, ಕೆಂಪು ರಕ್ತನಾಳ ಹಾಗೂ ಕೂದಲು ಕಡಿಮೆ ಮಾಡಲು ಬಳಕೆಯಲ್ಲಿದೆ.

ಉ) ರೇಡಿಯೊ ತರಂಗ: ವಿದ್ಯುತ್ ಪ್ರವಾಹಕ್ಕೆ ಚರ್ಮ ಒಡ್ಡುವ ಪ್ರತಿರೋಧದಿಂದ ಒಳಚರ್ಮದಲ್ಲಿ ಶಾಖ ಉಂಟಾಗುತ್ತದೆ. ಸೂಕ್ಷ್ಮ ಸೂಜಿಗಳ ಮೂಲಕ ಆಳಕ್ಕೆ ಶಾಖ ನೀಡುವ ಉಪಕರಣಗಳೂ ಇವೆ.

ಊ) ಕೇಂದ್ರೀಕೃತ ಶ್ರವಣಾತೀತ ಧ್ವನಿ: ಭೂತಗನ್ನಡಿಯು ಬಿಸಿಲನ್ನು ಒಂದು ಬಿಂದುವಿನಲ್ಲಿ ಕೂಡಿಸುವಂತೆ ಧ್ವನಿತರಂಗಗಳನ್ನು ಚರ್ಮದ ಕೆಳಗೆ 1.5, 3 ಅಥವಾ 4.5 ಮಿಲಿಮೀಟರ್ ಆಳದಲ್ಲಿ ಕೂಡಿಸಿ ಕಾಯಿಸಲಾಗುತ್ತದೆ.

ಋ) ಕೆಂಪು ಬೆಳಕಿನ ಎಲ್‌ಇಡಿ: ಇದರಲ್ಲಿ ಶಾಖದ ಗಾಯ ಉಂಟಾಗುವುದಿಲ್ಲ. ಮೈಟೊಕಾಂಡ್ರಿಯಾಗಳಲ್ಲಿನ ಒಂದು ಕಿಣ್ವವು ಈ ಬೆಳಕನ್ನು ಹೀರಿಕೊಂಡು ಕೋಶದ ಚಟುವಟಿಕೆ ಹೆಚ್ಚುತ್ತದೆ ಎಂಬುದು ಇದರ ಹಿಂದಿರುವ ವಿವರಣೆ. ಪರಿಣಾಮವು ಮೇಲಿನ ಚಿಕಿತ್ಸೆಗಳಿಗಿಂತ ಸೌಮ್ಯವಾಗಿರುತ್ತದೆ.

6. ಚಿಕಿತ್ಸೆ ಕಾರ್ಯ ನಿರ್ವಹಿಸುವ ಕ್ರಮ

ಸರಿಯಾದ ತರಂಗಾಂತರದ ಬೆಳಕನ್ನು ಸರಿಯಾದ ಅಲ್ಪಾವಧಿಗೆ ನೀಡಿದರೆ ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ಹಾನಿಯಾಗದಂತೆ ಗುರಿಯನ್ನಷ್ಟೇ ಕಾಯಿಸಬಹುದು ಎಂಬ ತತ್ತ್ವವನ್ನು ಆರ್. ರಾಕ್ಸ್ ಆ್ಯಂಡರ್ಸನ್ ಹಾಗೂ ಜಾನ್ ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಇಂದಿನ ಬಹುತೇಕ ಚರ್ಮ ಲೇಸರ್‌ಗಳಿಗೆ ಈ ತತ್ತ್ವವೇ ಆಧಾರ.

ಒಳಚರ್ಮದ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೊಲಾಜೆನ್ ನಾರುಗಳು ಸುರುಟಿಕೊಂಡು ಕಿರಿದಾಗುತ್ತವೆ. ಚಿಕಿತ್ಸೆಯ ದಿನವೇ ಮುಖ ಬಿಗಿಯಾದಂತೆ ಕಾಣಲು ಇದು ಹಾಗೂ ಬಾವು ಕಾರಣ. ಈ ಬಿಗಿತವನ್ನು ಅಂತಿಮ ಫಲವೆಂದು ತಿಳಿಯಬಾರದು. ನಿಜವಾದ ಬದಲಾವಣೆ ಇದರ ನಂತರ ಹಂತ ಹಂತವಾಗಿ ನಡೆಯುತ್ತದೆ.

ಮೊದಲ ಹಂತದಲ್ಲಿ ಉರಿಯೂತ ಉಂಟಾಗಿ, ಕೋಶಗಳು ಉಷ್ಣ ಆಘಾತ ಪ್ರೋಟೀನ್‌ಗಳನ್ನು ತಯಾರಿಸುತ್ತವೆ. ಎರಡನೆಯ ಹಂತದಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳು ತಾತ್ಕಾಲಿಕವಾಗಿ ಏರಿ ಹಳೆಯ ತುಂಡು ನಾರುಗಳನ್ನು ತೆರವುಗೊಳಿಸುತ್ತವೆ. ಮೂರನೆಯ ಹಂತದಲ್ಲಿ ಫೈಬ್ರೊಬ್ಲಾಸ್ಟ್‌ಗಳು ಹೊಸ ಕೊಲಾಜೆನ್ ತಯಾರಿಸುತ್ತವೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಚಿಕಿತ್ಸೆಯ ನಂತರ ಈ ತಯಾರಿಕೆಯು ಸುಮಾರು ಮೂರನೆಯ ವಾರದಲ್ಲಿ ಗರಿಷ್ಠ ಮಟ್ಟಕ್ಕೆ ಏರುವುದು ಮಿಶಿಗನ್ ವಿಶ್ವವಿದ್ಯಾಲಯದ 2004ರ ಅಧ್ಯಯನದಲ್ಲಿ ಕಂಡುಬಂದಿದೆ. ನಾರುಗಳ ಮರುಜೋಡಣೆ ತಿಂಗಳುಗಳ ಕಾಲ ಮುಂದುವರಿಯುತ್ತದೆ. ಆದ್ದರಿಂದ ಫಲಿತಾಂಶವನ್ನು ಮೂರರಿಂದ ಆರು ತಿಂಗಳ ನಂತರ ಅಳೆಯುವುದು ಸೂಕ್ತ.

ಮೇಲೆ ವಿವರಿಸಿದಂತೆ ತುಂಡಾದ ನಾರುಗಳ ನಡುವೆ ಕುಗ್ಗಿದ್ದ ಫೈಬ್ರೊಬ್ಲಾಸ್ಟ್‌ಗೆ ಹೊಸ ನಾರಿನ ಆಸರೆ ದೊರೆತಾಗ ಅದು ಮತ್ತೆ ಚಾಚಿಕೊಂಡು ಕೆಲಸಕ್ಕೆ ತೊಡಗುತ್ತದೆ. ವಯಸ್ಸಾದ ಕೋಶಕ್ಕೂ ಕೊಲಾಜೆನ್ ತಯಾರಿಸುವ ಶಕ್ತಿ ಪೂರ್ತಿ ನಶಿಸಿರುವುದಿಲ್ಲ, ಅದರ ಸುತ್ತಲಿನ ಪರಿಸ್ಥಿತಿಯೂ ಅದನ್ನು ತಡೆದಿರುತ್ತದೆ ಎಂಬುದು ಇದರಿಂದ ತಿಳಿದುಬರುವ ಮುಖ್ಯ ಸಂಗತಿ.

ಶಾಖವೇ ಚರ್ಮಕ್ಕೆ ಹಿತಕರವೆಂದು ಇದರಿಂದ ಅರ್ಥೈಸಬಾರದು. ದಿನವೂ ಒಂದೇ ಜಾಗಕ್ಕೆ ತಾಗುವ ಕಾವು ಚರ್ಮವನ್ನು ಕೆಡಿಸುತ್ತದೆ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಮೈಗೆ ಒತ್ತಿ ಹಿಡಿಯುವ ಕಾಂಗ್ಡಿ ಎಂಬ ಕೆಂಡದ ಮಡಕೆಯಿಂದ ತೊಡೆ ಹಾಗೂ ಹೊಟ್ಟೆಯ ಚರ್ಮದಲ್ಲಿ ಕ್ಯಾನ್ಸರ್ ಉಂಟಾಗುವುದು ವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿದೆ. ಚಿಕಿತ್ಸೆಯ ಗುಣ ಅಡಗಿರುವುದು ಪ್ರಮಾಣ, ಅವಧಿ, ಆಳ ಹಾಗೂ ಮಾಯಲು ಕೊಡುವ ಬಿಡುವಿನಲ್ಲಿ.

7. ಜೀವಕೋಶಗಳ ವಯೋವೃದ್ಧಿ ಕುರಿತು ಸಂಶೋಧನೆಯ ಫಲಿತಾಂಶ

7.1 ವಂಶವಾಹಿಗಳ ಚಟುವಟಿಕೆ: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ವರ್ಷ ದಾಟಿದ ಐವರು ಮಹಿಳೆಯರ ತೋಳಿನ ಚರ್ಮಕ್ಕೆ ವಿಶಾಲ ವ್ಯಾಪ್ತಿಯ ಬೆಳಕಿನ ಚಿಕಿತ್ಸೆ ನೀಡಿ, ಅದನ್ನು ಐವರು ಯುವತಿಯರ ಚರ್ಮದೊಂದಿಗೆ ಹೋಲಿಸಲಾಯಿತು. ವಯಸ್ಸಿನೊಂದಿಗೆ ಬದಲಾಗಿದ್ದ ವಂಶವಾಹಿಗಳ ಪೈಕಿ ಹಲವುಗಳ ಚಟುವಟಿಕೆ ಚಿಕಿತ್ಸೆಯ ನಂತರ ಯುವತಿಯರ ಮಟ್ಟಕ್ಕೆ ಸಮೀಪವಾಗಿತ್ತು. ಇದೊಂದು ಪ್ರಾಯೋಗಿಕ ಅಧ್ಯಯನವೆಂದು ಸಂಶೋಧಕರೇ ತಿಳಿಸಿದ್ದಾರೆ. ವಂಶವಾಹಿಯ ಚಟುವಟಿಕೆ ಬದಲಾಗುವುದಕ್ಕೂ ಚರ್ಮದ ಆಯುಷ್ಯ ಹೆಚ್ಚುವುದಕ್ಕೂ ಅಂತರವಿದೆ.

7.2 ಮುಪ್ಪಾದ ಫೈಬ್ರೊಬ್ಲಾಸ್ಟ್‌ಗಳು: ಅಮೆರಿಕದ ಡಾನ್ ಸ್ಪ್ಯಾಂಡೋ ಹಾಗೂ ಜೆಫ್ರಿ ಟ್ರಾವರ್ಸ್ ಅವರ ತಂಡವು ವೃದ್ಧರ ಚರ್ಮದ ಕುರಿತು ಸರಣಿ ಅಧ್ಯಯನಗಳನ್ನು ನಡೆಸಿದೆ. ಫೈಬ್ರೊಬ್ಲಾಸ್ಟ್‌ಗಳು ಮುಪ್ಪಾದಾಗ ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ಕಡಿಮೆ ತಯಾರಿಸುತ್ತವೆ. ಇದರ ಕೊರತೆಯಿದ್ದಾಗ, ಬಿಸಿಲಿನಿಂದ ಡಿಎನ್‌ಎ ಹಾನಿಗೊಂಡ ಹೊರಚರ್ಮದ ಕೋಶಗಳು ನಿಲ್ಲಬೇಕಾದ ವಿಭಜನೆಯನ್ನು ಮುಂದುವರಿಸುತ್ತವೆ. ಇದು ಚರ್ಮದ ಕ್ಯಾನ್ಸರ್‌ಗೆ ಹಾದಿಯಾಗುತ್ತದೆ. ಫ್ರ್ಯಾಕ್ಷನಲ್ ಲೇಸರ್ ನೀಡಿದ ನಂತರ ವೃದ್ಧರ ಚರ್ಮದಲ್ಲಿ ಐಜಿಎಫ್-1 ಮಟ್ಟ ಏರಿ, ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯು ಯುವಜನರಲ್ಲಿ ಇರುವಂತೆ ಸರಿಹೋದದ್ದು 2012ರಲ್ಲಿ ವರದಿಯಾಯಿತು. ತದನಂತರ ಒಬ್ಬರದೇ ಒಂದು ಮುಂಗೈಗೆ ಲೇಸರ್ ನೀಡಿ ಮತ್ತೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದಾಗ, ಲೇಸರ್ ನೀಡಿದ ಕೈಯಲ್ಲಿ ಕ್ಯಾನ್ಸರ್‌ಪೂರ್ವ ಗಂಟುಗಳು ಕಡಿಮೆಯಾದವು.

ಜೀವಕೋಶಗಳ ವಯೋವೃದ್ಧಿಗೆ ಸಂಬಂಧಿಸಿದಂತೆ ಇದು ಗಮನಾರ್ಹವಾದ ಸಾಕ್ಷ್ಯ. ಆದರೆ ಇದರಲ್ಲಿ ಭಾಗವಹಿಸಿದವರು ಬಿಸಿಲಿನಿಂದ ತೀವ್ರ ಹಾನಿಗೊಳಗಾದ ಬಿಳಿ ಚರ್ಮದ ಹಿರಿಯರು. ಭಾರತೀಯರಲ್ಲಿ ಇಂತಹ ಕ್ಯಾನ್ಸರ್‌ನ ಪ್ರಮಾಣ ಬಹಳ ಕಡಿಮೆ. ಆದ್ದರಿಂದ ಕ್ಯಾನ್ಸರ್ ತಡೆಗಟ್ಟಲೆಂದು ನಮ್ಮವರಿಗೆ ಲೇಸರ್ ನೀಡಲು ಈ ಫಲಿತಾಂಶಗಳು ಆಧಾರವಾಗಲಾರವು.

7.3 ದೃಢಪಡದ ಅಂಶಗಳು: ಈ ಕೆಳಗಿನ ಹೇಳಿಕೆಗಳನ್ನು ಒಪ್ಪಲು ಸಾಕಷ್ಟು ವೈಜ್ಞಾನಿಕ ಆಧಾರವಿರುವುದಿಲ್ಲ.

• ಚಿಕಿತ್ಸೆಯು ಸವೆದ ಟೆಲೊಮಿಯರ್‌ಗಳನ್ನು ಮೊದಲಿನ ಉದ್ದಕ್ಕೆ ತರುತ್ತದೆ ಎಂಬ ಹೇಳಿಕೆ.
• ಬಿಸಿಲಿನಿಂದ ಡಿಎನ್‌ಎಯಲ್ಲಿ ಸೇರಿಹೋದ ರೂಪಾಂತರಗಳನ್ನು ಚಿಕಿತ್ಸೆ ಅಳಿಸುತ್ತದೆ ಎಂಬ ಹೇಳಿಕೆ.
• ಮುಖಕ್ಕೆ ನೀಡಿದ ಚಿಕಿತ್ಸೆಯಿಂದ ಇಡೀ ದೇಹದ ವಯಸ್ಸು ಕಡಿಮೆಯಾಗುತ್ತದೆ ಎಂಬ ಹೇಳಿಕೆ.
• ಇಂತಿಷ್ಟು ವರ್ಷ ಕಿರಿಯರಾಗುವಿರಿ ಎಂಬ ಖಚಿತ ಅಂಕಿಯ ಭರವಸೆ.

8. ಭಾರತೀಯ ಚರ್ಮ ಮತ್ತು ಅಪಾಯಗಳು

ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯನ್ನು ಆಧರಿಸಿ ಚರ್ಮವನ್ನು ಆರು ವಿಧಗಳಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪದ್ಧತಿಯು 1975ರಿಂದ ಬೆಳೆದುಬಂದಿದೆ. ಭಾರತೀಯರಲ್ಲಿ ಹೆಚ್ಚಿನವರು 4 ಹಾಗೂ 5ನೆಯ ವಿಧಕ್ಕೆ ಸೇರುತ್ತಾರೆ. ಮೆಲನಿನ್ ನಮ್ಮ ಚರ್ಮವನ್ನು ಬಿಸಿಲಿನ ಹಾನಿಯಿಂದ ಬಹಳಷ್ಟು ಕಾಪಾಡುತ್ತದೆ. ಅದೇ ಮೆಲನಿನ್ ಬೆಳಕಿನ ಕಿರಣವನ್ನು ಮೇಲ್ಪದರದಲ್ಲಿಯೇ ಹೀರಿಕೊಂಡು ಬಿಸಿಯಾಗುವುದರಿಂದ ಕಿರಣವು ಗುರಿ ಮುಟ್ಟುವ ಮೊದಲೇ ಹೊರಚರ್ಮ ಸುಡುವ ಸಂಭವವಿದೆ. ಬಿಳಿ ಚರ್ಮಕ್ಕೆ ಹೊಂದಿಸಿದ ಪ್ರಮಾಣವನ್ನು ಹಾಗೆಯೇ ಇಲ್ಲಿ ಬಳಸಿದಾಗ ಇಂತಹ ಅನಾಹುತಗಳು ಸಂಭವಿಸುತ್ತವೆ. ರೇಡಿಯೊ ತರಂಗ ಹಾಗೂ ಶ್ರವಣಾತೀತ ಧ್ವನಿಯನ್ನು ಮೆಲನಿನ್ ಹೀರಿಕೊಳ್ಳುವುದಿಲ್ಲವಾದರೂ ಅವುಗಳಿಂದಲೂ ಸುಟ್ಟಗಾಯವಾಗಬಹುದು.

ಸಂಭವನೀಯ ತೊಂದರೆಗಳು:

• ಉರಿಯೂತದ ನಂತರದ ಕಪ್ಪು ಕಲೆ. ಇದು ಗೋಧಿ ಹಾಗೂ ಕಪ್ಪು ಮೈಬಣ್ಣದವರಲ್ಲಿ ಅತಿ ಸಾಮಾನ್ಯ. ಮಾಸಲು ತಿಂಗಳುಗಳು ಬೇಕಾಗುತ್ತವೆ.
• ಬಣ್ಣ ಕಳೆದುಕೊಂಡ ಬಿಳಿಯ ಕಲೆ. ಇದು ಕೆಲವೊಮ್ಮೆ ಶಾಶ್ವತ.
• ಸುಟ್ಟಗಾಯ, ಗುಳ್ಳೆ, ಸೋಂಕು, ಉಬ್ಬಿದ ಗಾಯದ ಗುರುತು.
• ಬಂಗು ಇರುವವರಲ್ಲಿ ಬಂಗು ಉಲ್ಬಣಿಸುವುದು.
• ಆಳಕ್ಕೆ ಶಾಖ ನೀಡುವ ಉಪಕರಣಗಳಿಂದ ಮುಖದ ಕೊಬ್ಬು ಕರಗಿ ಗುಳಿ ಬೀಳುವುದು, ನರಗಳಿಗೆ ಪೆಟ್ಟಾಗುವುದು.
• ರಕ್ಷಣಾ ಕನ್ನಡಕವಿಲ್ಲದಿದ್ದರೆ ಕಣ್ಣಿಗೆ ಶಾಶ್ವತ ಹಾನಿ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2018ರ ಜುಲೈನಲ್ಲಿ, ಶಕ್ತಿ ಆಧಾರಿತ ಉಪಕರಣಗಳನ್ನು ಯೋನಿಯ "ಪುನರ್ಯೌವನ"ಕ್ಕೆ ಬಳಸುವುದರ ವಿರುದ್ಧ ಎಚ್ಚರಿಕೆ ನೀಡಿತು. ಸೂಜಿಸಹಿತ ರೇಡಿಯೊ ತರಂಗ ಚಿಕಿತ್ಸೆಯಿಂದ ಸುಟ್ಟಗಾಯ, ಕೊಬ್ಬು ನಷ್ಟ ಹಾಗೂ ನರಹಾನಿ ವರದಿಯಾಗಿರುವ ಬಗ್ಗೆ ಅದೇ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದೆ.

ವಿಶೇಷ ಸೂಚನೆ: ಆಕಾರ, ಬಣ್ಣ ಅಥವಾ ಗಾತ್ರ ಬದಲಾಗುತ್ತಿರುವ ಮಚ್ಚೆ, ರಕ್ತ ಒಸರುವ ಗಂಟು, ವಾರಗಳಾದರೂ ಮಾಯದ ಹುಣ್ಣು ಇವುಗಳನ್ನು "ಕಲೆ" ಎಂದು ಭಾವಿಸಿ ಲೇಸರ್‌ನಿಂದ ಅಳಿಸಿದರೆ ಅಡಗಿರುವ ಕ್ಯಾನ್ಸರ್ ಪತ್ತೆಯಾಗದೆ ಒಳಗೇ ಬೆಳೆಯಬಹುದು. ಅಳಿಸಿದ ಮಚ್ಚೆಯನ್ನು ಪರೀಕ್ಷೆಗೆ ಕಳುಹಿಸಲೂ ಸಾಧ್ಯವಾಗುವುದಿಲ್ಲ. ಇಂತಹ ಸಂದರ್ಭದಲ್ಲಿ ಮೊದಲು ಚರ್ಮರೋಗ ತಜ್ಞರ ತಪಾಸಣೆ ಕಡ್ಡಾಯವೆಂದು ಭಾವಿಸತಕ್ಕದ್ದು.

9. ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕಾದ ವಿಷಯಗಳು

• ಗರ್ಭಧಾರಣೆ ಅಥವಾ ಎದೆಹಾಲುಣಿಸುತ್ತಿರುವುದು
• ಹೃದಯದ ಪೇಸ್‌ಮೇಕರ್ ಅಥವಾ ದೇಹದೊಳಗೆ ಅಳವಡಿಸಿದ ಇತರ ವಿದ್ಯುತ್ ಉಪಕರಣ (ರೇಡಿಯೊ ತರಂಗ ಚಿಕಿತ್ಸೆಗೆ ಮುಖ್ಯ)
• ಗಾಯದ ಗುರುತು ಉಬ್ಬಿ ಬೆಳೆಯುವ ಪ್ರವೃತ್ತಿ
• ತುಟಿಯ ಸುತ್ತ ಪದೇ ಪದೇ ಬರುವ ಹರ್ಪಿಸ್ ಗುಳ್ಳೆ
• ಮೊಡವೆಗೆ ಸೇವಿಸುವ ಐಸೊಟ್ರೆಟಿನಾಯಿನ್, ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಇತರ ಔಷಧಗಳು
• ತೊನ್ನು, ಸೋರಿಯಾಸಿಸ್, ಲೂಪಸ್, ಮಧುಮೇಹ
• ಇತ್ತೀಚೆಗೆ ಬಿಸಿಲಿನಲ್ಲಿ ದೀರ್ಘಕಾಲ ಕೆಲಸ ಮಾಡಿರುವುದು

10. ಚಿಕಿತ್ಸೆಗೆ ಮೊದಲು ಪರಿಶೀಲಿಸಿಕೊಳ್ಳಬೇಕಾದ ಅಂಶಗಳು

(1) ಸಂಸ್ಥೆಯ ನೋಂದಣಿ: ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಹೊಂದಿರತಕ್ಕದ್ದು. ನೋಂದಣಿ ಪತ್ರ ಹಾಗೂ ದರಪಟ್ಟಿಯನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರದರ್ಶಿಸಬೇಕು. ಸ್ಥಳೀಯ ಸಂಸ್ಥೆಯು ಸೌಂದರ್ಯ ಮಳಿಗೆಗೆ ನೀಡುವ ವ್ಯಾಪಾರ ಪರವಾನಗಿಯು ವೈದ್ಯಕೀಯ ಚಿಕಿತ್ಸೆ ನೀಡಲು ಅನುಮತಿಯಲ್ಲ.

(2) ವೈದ್ಯರ ಅರ್ಹತೆ: ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಬಹುದು. ಉಪಕರಣವನ್ನು ಹಿಡಿಯುವವರು ವೈದ್ಯರೋ ಸಹಾಯಕರೋ ಎಂಬುದನ್ನೂ ವಿಚಾರಿಸುವುದು.

(3) ಉಪಕರಣ: 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಔಷಧ ಕಾನೂನಿನ ವ್ಯಾಪ್ತಿಗೆ ತರಲಾಗಿದೆ. ಉಪಕರಣದ ಹೆಸರು, ತಯಾರಕರು ಹಾಗೂ ಆಮದು ಅಥವಾ ತಯಾರಿಕಾ ಪರವಾನಗಿಯ ವಿವರವನ್ನು ಕೇಳಬಹುದು.

(4) ಒಪ್ಪಿಗೆ ಪತ್ರ: ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ ಹಾಗೂ ಪರ್ಯಾಯಗಳನ್ನು ಅರ್ಥವಾಗುವಂತೆ ತಿಳಿಸಿದ ನಂತರ ಪಡೆದ ಒಪ್ಪಿಗೆ ಮಾತ್ರ ಸಿಂಧುವಾದುದೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಓದಿ ತಿಳಿಯದ ಪತ್ರಕ್ಕೆ ಸಹಿ ಮಾಡಬಾರದು. ಕನ್ನಡದಲ್ಲಿ ವಿವರಣೆ ಕೋರುವುದು.

(5) ಪರೀಕ್ಷಾ ಚುಕ್ಕೆ: ಕಿವಿಯ ಹಿಂಭಾಗದಂತಹ ಮರೆಯ ಜಾಗದಲ್ಲಿ ಮೊದಲು ಸ್ವಲ್ಪ ಭಾಗಕ್ಕೆ ಮಾತ್ರ ಚಿಕಿತ್ಸೆ ನೀಡಿ, ಕೆಲವು ವಾರ ಕಾದು ಫಲ ನೋಡುವಂತೆ ಕೋರಬಹುದು.

(6) ವೆಚ್ಚ: ಒಟ್ಟು ಸರದಿಗಳ ಸಂಖ್ಯೆ ಹಾಗೂ ಪೂರ್ಣ ದರವನ್ನು ಲಿಖಿತವಾಗಿ ಪಡೆಯುವುದು. ಎಲ್ಲ ಸರದಿಗಳ ಹಣವನ್ನು ಮುಂಗಡವಾಗಿ ಪಾವತಿಸುವ ಮೊದಲು ನಡುವೆ ನಿಲ್ಲಿಸಿದರೆ ಹಣ ಮರಳಿಸುವ ಷರತ್ತನ್ನು ಓದಿಕೊಳ್ಳುವುದು. ರಸೀದಿ ಹಾಗೂ ಚಿಕಿತ್ಸೆಯ ಪೂರ್ವದ ಛಾಯಾಚಿತ್ರದ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

11. ಚಿಕಿತ್ಸೆಯ ನಂತರ

ಮಾಯುವವರೆಗೆ ಬಿಸಿಲಿನಿಂದ ದೂರವಿರುವುದು, ಹೊಕ್ಕಳೆಯನ್ನು ಕೀಳದಿರುವುದು ಹಾಗೂ ವೈದ್ಯರು ಸೂಚಿಸಿದ ಲೇಪನವನ್ನು ಮಾತ್ರ ಹಚ್ಚುವುದು ಅಗತ್ಯ. ಅರಿಶಿನ, ನಿಂಬೆರಸ ಮುಂತಾದವನ್ನು ಹಸಿ ಗಾಯಕ್ಕೆ ಹಚ್ಚಬಾರದು. ಸ್ವಲ್ಪ ಕೆಂಪು ಹಾಗೂ ಬಾವು ಸಹಜ. ಹೆಚ್ಚುತ್ತಿರುವ ನೋವು, ಕೀವು, ಜ್ವರ, ದೊಡ್ಡ ಗುಳ್ಳೆ, ಮುಖದ ಒಂದು ಭಾಗ ಜೋತುಬೀಳುವುದು ಅಥವಾ ದೃಷ್ಟಿಯಲ್ಲಿ ಬದಲಾವಣೆ ಕಂಡುಬಂದರೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

12. ದೂರು ಸಲ್ಲಿಸುವ ವಿಧಾನ

ಮೊದಲು ಸಂಸ್ಥೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಚಿಕಿತ್ಸಾ ದಾಖಲೆಗಳನ್ನು ಕೋರಿದ 72 ಗಂಟೆಗಳೊಳಗಾಗಿ ವೈದ್ಯರು ಒದಗಿಸಬೇಕೆಂದು ವೈದ್ಯರ ನಡವಳಿಕೆ ನಿಯಮಾವಳಿ, 2002 ವಿಧಿಸುತ್ತದೆ. ತದನಂತರ ಸಂದರ್ಭಾನುಸಾರ ಈ ಕೆಳಗಿನವುಗಳಲ್ಲಿ ಸೂಕ್ತವಾದುದನ್ನು ಆಶ್ರಯಿಸಬಹುದು.

• ಸಂಸ್ಥೆಯ ನೋಂದಣಿ ಹಾಗೂ ದರಗಳ ಬಗ್ಗೆ: ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ.
• ವೈದ್ಯರ ವೃತ್ತಿಪರ ನಡವಳಿಕೆಯ ಬಗ್ಗೆ: ಕರ್ನಾಟಕ ವೈದ್ಯಕೀಯ ಪರಿಷತ್ತು.
• ಪರಿಹಾರ ಹಣಕ್ಕಾಗಿ: ಜಿಲ್ಲಾ ಗ್ರಾಹಕ ಆಯೋಗ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
• ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಇದಕ್ಕೆ ಅಧಿಕಾರವಿದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಕಿತ್ಸೆಯ ಫಲ ಶಾಶ್ವತವೇ?
ಉತ್ತರ: ಇಲ್ಲ. ಹೊಸದಾಗಿ ನಿರ್ಮಾಣವಾದ ಕೊಲಾಜೆನ್ ಬಹುಕಾಲ ಉಳಿಯುತ್ತದೆಯಾದರೂ ವಯೋವೃದ್ಧಿಯು ಮುಂದುವರಿಯುತ್ತಲೇ ಇರುತ್ತದೆ. ಬಿಸಿಲಿನಿಂದ ರಕ್ಷಣೆ ಇಲ್ಲದಿದ್ದಲ್ಲಿ ಪಡೆದ ಪ್ರಯೋಜನವು ಬೇಗ ಕಳೆದುಹೋಗುತ್ತದೆ.

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಚರ್ಮದ ವಯೋವೃದ್ಧಿಯನ್ನು ತಡೆಯುವ ಮಾರ್ಗವಿದೆಯೇ?
ಉತ್ತರ: ಇದೆ. ಆಸ್ಟ್ರೇಲಿಯಾದ ನಾಂಬೂರ್ ಪಟ್ಟಣದಲ್ಲಿ 903 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ನಾಲ್ಕೂವರೆ ವರ್ಷಗಳಲ್ಲಿ ಚರ್ಮದ ವಯೋವೃದ್ಧಿಯು, ಇಚ್ಛೆ ಬಂದಾಗ ಹಚ್ಚಿದವರಿಗಿಂತ ಶೇಕಡ 24ರಷ್ಟು ಕಡಿಮೆಯಿತ್ತು. ಕೊಡೆ, ಅಗಲ ಅಂಚಿನ ಟೋಪಿ, ತುಂಬುತೋಳಿನ ಉಡುಪು ಹಾಗೂ ತಂಬಾಕು ವರ್ಜನೆಯೂ ಉಪಯುಕ್ತ. ವೈದ್ಯರ ಸಲಹೆಯ ಮೇರೆಗೆ ಟ್ರೆಟಿನಾಯಿನ್ ಲೇಪನವನ್ನು ಬಳಸಬಹುದು, ಗರ್ಭಿಣಿಯರು ಬಳಸಬಾರದು.

ಪ್ರಶ್ನೆ: ಚಿಕಿತ್ಸೆಗೆ ಮೊದಲು ಹಾಗೂ ನಂತರ "ಜೈವಿಕ ವಯಸ್ಸಿನ ಪರೀಕ್ಷೆ" ಮಾಡಿಸಬೇಕೆ?
ಉತ್ತರ: ಅಗತ್ಯವಿಲ್ಲ. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳಿಂದ ವಯಸ್ಸನ್ನು ಅಂದಾಜಿಸುವ ಪರೀಕ್ಷೆಗಳು ಸಂಶೋಧನೆಗೆ ಉಪಯುಕ್ತ. ಒಬ್ಬ ವ್ಯಕ್ತಿಗೆ ಚರ್ಮ ಚಿಕಿತ್ಸೆ ಫಲಿಸಿತೇ ಎಂಬುದನ್ನು ನಿರ್ಣಯಿಸಲು ಅವು ಸ್ವೀಕೃತ ವಿಧಾನವಲ್ಲ.

ಪ್ರಶ್ನೆ: ಸರ್ಕಾರಿ ಯೋಜನೆ ಅಥವಾ ವಿಮೆಯಡಿ ವೆಚ್ಚ ದೊರೆಯುವುದೇ?
ಉತ್ತರ: ಸೌಂದರ್ಯಕ್ಕಾಗಿ ಪಡೆಯುವ ಚಿಕಿತ್ಸೆಗಳು ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಗೆ ಒಳಪಡುವುದಿಲ್ಲ. ಆರೋಗ್ಯ ವಿಮೆಗಳಲ್ಲಿಯೂ ಇವುಗಳನ್ನು ಸಾಮಾನ್ಯವಾಗಿ ಹೊರತುಪಡಿಸಲಾಗುತ್ತದೆ. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ರಚನೆಯ ಚಿಕಿತ್ಸೆಗೆ ವಿಮಾ ಷರತ್ತುಗಳನ್ನು ಪರಿಶೀಲಿಸುವುದು.

ಪ್ರಶ್ನೆ: ಮನೆಯಲ್ಲಿ ಬಳಸುವ ಉಪಕರಣಗಳು ಸುರಕ್ಷಿತವೇ?
ಉತ್ತರ: ಇವುಗಳ ಶಕ್ತಿ ಕಡಿಮೆಯಿರುವುದರಿಂದ ಪರಿಣಾಮವೂ ಕಡಿಮೆ. ಮನೆಬಳಕೆಯ ತೀವ್ರ ಬೆಳಕಿನ ಉಪಕರಣಗಳ ಕೈಪಿಡಿಯಲ್ಲಿ ಚರ್ಮದ ಬಣ್ಣದ ಪಟ್ಟಿಯನ್ನು ನೀಡಲಾಗಿರುತ್ತದೆ. ಗಾಢ ಬಣ್ಣದವರು ಪಟ್ಟಿಯ ಮಿತಿಯನ್ನು ಮೀರಿ ಬಳಸಿದರೆ ಸುಟ್ಟಗಾಯವಾಗುತ್ತದೆ. ಮಚ್ಚೆ ಹಾಗೂ ಹಚ್ಚೆಯ ಮೇಲೆ ಬಳಸಬಾರದು.

14. ಕೊನೆಯ ಮಾತು

ಶಕ್ತಿ ಆಧಾರಿತ ಚಿಕಿತ್ಸೆಗಳು ಅರ್ಹ ವೈದ್ಯರ ಕೈಯಲ್ಲಿ, ಸೂಕ್ತ ವ್ಯಕ್ತಿಗೆ, ಸೂಕ್ತ ಪ್ರಮಾಣದಲ್ಲಿ ನೀಡಿದಾಗ ಸುಕ್ಕು, ಮೊಡವೆಯ ಗುಳಿ, ಸುಟ್ಟಗಾಯದ ಗುರುತು ಹಾಗೂ ಬಿಸಿಲಿನ ಕಲೆಗಳನ್ನು ಗಮನಾರ್ಹವಾಗಿ ತಗ್ಗಿಸಬಲ್ಲವು. ಚರ್ಮವು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿಯನ್ನು ಅವು ಕೆಲಕಾಲ ಚುರುಕುಗೊಳಿಸುತ್ತವೆ. ಇದಕ್ಕಿಂತ ಮಿಗಿಲಾದ ಭರವಸೆಯನ್ನು ಯಾರಾದರೂ ನೀಡಿದಲ್ಲಿ, ಅದನ್ನು ಲಿಖಿತವಾಗಿ ನೀಡುವಂತೆ ಕೋರುವುದು ಹಾಗೂ ನಿರ್ಧಾರ ಕೈಗೊಳ್ಳುವ ಮೊದಲು ಮತ್ತೊಬ್ಬ ಚರ್ಮರೋಗ ತಜ್ಞರ ಅಭಿಪ್ರಾಯ ಪಡೆಯುವುದು. ಜಿಲ್ಲಾ ಆಸ್ಪತ್ರೆಗಳು ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಈ ಸಲಹೆಯನ್ನು ಪಡೆಯಬಹುದಾಗಿದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.